ಹಾಳೆ ತಟ್ಟೆ ಹಡಗು ಹತ್ತಿದ ಕಥೆ: ತೀರ್ಥಹಳ್ಳಿ ಕಡೆಯ ಒಂದು ಮನೆ ಉದ್ಯಮದ ಪ್ರಕರಣ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಮನೆ. 4 ಎಕರೆ ಅಡಿಕೆ ತೋಟ, ಮನೆ ಪಕ್ಕದ ಶೆಡ್ಡಿನಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುವ 12 ಹೈಡ್ರಾಲಿಕ್ ಪ್ರೆಸ್, 18 ಜನ ಕೆಲಸದವರು, ಅವರಲ್ಲಿ ಹೆಚ್ಚಿನವರು ಅಕ್ಕಪಕ್ಕದ ಊರಿನ ಹೆಂಗಸರು. ಯಜಮಾನರಿಗೆ ಅರವತ್ತು ದಾಟಿದೆ. ಮಗ, ಸೊಸೆ ಇಬ್ಬರೂ ಘಟಕದಲ್ಲೇ ದುಡಿಯುತ್ತಾರೆ. ಇವರು ಮೊದಲ ಸಲ ತಮ್ಮದೇ ಹೆಸರಿನಲ್ಲಿ ಹೊರದೇಶಕ್ಕೆ ಮಾಲು ಕಳಿಸಿದರು. ಅದು ಹೇಗಾಯಿತು, ಎಲ್ಲಿ ಬಚಾವಾದರು, ಎಲ್ಲಿ ಪೆಟ್ಟು ಬಿತ್ತು ಅನ್ನೋದನ್ನು ಪೂರ್ತಿ ಬರೆಯುತ್ತಿದ್ದೇನೆ. ನಾನು ಶಿವಮೊಗ್ಗದಲ್ಲಿ ಸಣ್ಣ ಘಟಕಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ, ಇವರದ್ದೂ ನನ್ನ ಹತ್ತಿರವೇ ಇದೆ. ಬರೆಯೋಕೆ ಮನೆಯವರ ಒಪ್ಪಿಗೆ ಇದೆ. ಹೆಸರು ಮಾತ್ರ ಬೇಡ ಅಂದಿದ್ದಾರೆ, ಹಾಗಾಗಿ ಗುರುತು ಸಿಗದ ಹಾಗೆ ಅವರ ಸಂಖ್ಯೆಗಳನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡಿ ಕೊಟ್ಟಿದ್ದೇನೆ.

ರಫ್ತು ಅಂದ ಕೂಡಲೇ ನಮ್ಮ ಕಡೆ ಎಲ್ಲರೂ ಕೇಳೋದು ಎರಡೇ ಪ್ರಶ್ನೆ. ಗಿರಾಕಿ ಸಿಕ್ಕಿದನಾ? ರೇಟು ಎಷ್ಟು? ಈ ಪ್ರಕರಣ ನೋಡಿದ ಮೇಲೆ ನನಗೆ ಖಾತ್ರಿಯಾಗಿದೆ, ಇವೆರಡೂ ಆಮೇಲಿನ ಪ್ರಶ್ನೆಗಳು. ಮೊದಲು ಕೇಳಬೇಕಾದ್ದು, ನಾವು ಮಾಡುವ ವಸ್ತುವಿಗೆ ಆ ದೇಶದ ಕಾನೂನಿನಲ್ಲಿ ಜಾಗ ಇದೆಯಾ ಅಂತ. "ಇಷ್ಟು ವರ್ಷದಿಂದ ಹೋಗ್ತಾನೇ ಇದೆಯಲ್ಲ" ಅನ್ನೋದು ಅದಕ್ಕೆ ಉತ್ತರ ಅಲ್ಲ. ಹೋಗ್ತಾ ಇರೋದು ಬೇರೆ, ಒಪ್ಪಿಗೆ ಇರೋದು ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೇ ತೋಟ ಅಡವಿಟ್ಟವರನ್ನು ನಾನು ನೋಡಿದ್ದೇನೆ. ಈ ಮನೆಯವರು ಇಡಲಿಲ್ಲ. ಅದಕ್ಕೇ ಇವತ್ತಿಗೂ ಶೆಡ್ಡು ನಡೀತಾ ಇದೆ.

ಬಯಲುಸೀಮೆಯ ಓದುಗರಿಗಾಗಿ ಹಾಳೆ ಬಗ್ಗೆ ಸ್ವಲ್ಪ ಹೇಳುತ್ತೇನೆ. ಅಡಿಕೆ ಮರದ ಸೋಗೆಯ ಬುಡದಲ್ಲಿ ಕಾಂಡವನ್ನು ತಬ್ಬಿಕೊಂಡಿರುವ ಅಗಲದ ಭಾಗವೇ ಹಾಳೆ. ಒಂದು ಮರ ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ. ಎಕರೆಗೆ ಸುಮಾರು 550 ಮರ ಅಂದರೂ ಇವರ ಸ್ವಂತ ತೋಟದಿಂದ ವರ್ಷಕ್ಕೆ ಸಿಗೋದು 12 ಸಾವಿರದ ಆಸುಪಾಸು. 12 ಪ್ರೆಸ್ಸಿಗೆ ಅದು ಯಾವ ಮೂಲೆಗೂ ಸಾಲಲ್ಲ, ಉಳಿದಿದ್ದನ್ನು ಸುತ್ತಲಿನ ತೋಟಗಳಿಂದ ಕೊಳ್ಳಬೇಕು. ಅದೂ ಡಿಸೆಂಬರಿನಿಂದ ಮೇ ತನಕ ಮಾತ್ರ. ಮಳೆ ಹಿಡಿದ ಮೇಲೆ ಬಿದ್ದ ಹಾಳೆ ಎರಡು ದಿನ ನೆಲದ ಮೇಲಿದ್ದರೆ ಕಪ್ಪಾಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಕೊಂಡು, ಒಣಗಿಸಿ, ಅಟ್ಟದಲ್ಲಿ ಪೇರಿಸಿಟ್ಟುಕೊಂಡು, ಮಳೆಗಾಲ ಪೂರ್ತಿ ಅದನ್ನೇ ನೆನೆಸಿ, ಉಜ್ಜಿ ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಬೇಕು. ಅಂದರೆ ಆರು ತಿಂಗಳ ಕಚ್ಚಾ ಮಾಲಿಗೆ ಮುಂಚೆಯೇ ದುಡ್ಡು ಹಾಕಬೇಕು. ಬ್ಯಾಂಕಿನವರಿಗೆ ಇದನ್ನು ಅರ್ಥ ಮಾಡಿಸೋದು ಯಾವಾಗಲೂ ಕಷ್ಟ.

ಬಹಳ ವರ್ಷದಿಂದ ಇವರ ಮಾಲಿನಲ್ಲಿ ದೊಡ್ಡ ಪಾಲು ಚೆನ್ನೈನ ಒಬ್ಬ ವ್ಯಾಪಾರಿಗೆ ಹೋಗುತ್ತಿತ್ತು. ಅವರು ತಮ್ಮ ಚೀಟಿ ಅಂಟಿಸಿ ಯುರೋಪಿಗೆ ಕಳಿಸುತ್ತಿದ್ದರು. ಉಳಿದದ್ದು ಶಿವಮೊಗ್ಗ, ಬೆಂಗಳೂರಿನ ಅಡುಗೆ ಕಂಟ್ರಾಕ್ಟರುಗಳಿಗೆ. ಐರೋಪ್ಯ ಒಕ್ಕೂಟ 2021ರ ಜುಲೈ 3ರಿಂದ ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆಗಳನ್ನು ನಿಷೇಧಿಸಿತು. ನಮ್ಮಲ್ಲೂ 2022ರ ಜುಲೈ 1ರಿಂದ ಅಂಥದ್ದೇ ನಿಷೇಧ ಬಂತು. ಆಗ ಮಲೆನಾಡಿನ ಪ್ರತಿ ತಟ್ಟೆ ಘಟಕದಲ್ಲೂ ಆಸೆ ಚಿಗುರಿತು. ಆದರೆ ಊರಲ್ಲಿ ರೇಟು ಏರಲಿಲ್ಲ, ಒಳಗೆ ತೆಳು ಪದರ ಹಚ್ಚಿದ ಅಗ್ಗದ ಕಾಗದದ ತಟ್ಟೆ ಎಲ್ಲ ಅಂಗಡಿಯಲ್ಲೂ ಸಿಗುತ್ತಲೇ ಇತ್ತು. ಯುರೋಪಿನಲ್ಲಿ ಬೇಡಿಕೆ ಏರಿತು. ಅದರ ಲಾಭ ಚೆನ್ನೈನಲ್ಲಿ ಉಳಿಯಿತು.

ಮಗ ಮಾತು ತೆಗೆದದ್ದು 2023ರಲ್ಲಿ. "ಅಪ್ಪಯ್ಯ, ನಮ್ಮ ತಟ್ಟೆಗೆ ಅವರ ಚೀಟಿ ಅಂಟಿಸಿ ಕಳಿಸ್ತಿದಾರೆ. ನಾವೇ ಯಾಕೆ ಕಳಿಸಬಾರದು?"

ಯಜಮಾನರು ಬೇಡ ಅನ್ನಲಿಲ್ಲ. "ಕಳ್ಸು ಮಾರಾಯ. ಅಲ್ಲಿಂದ ಮಾಲು ವಾಪಸ್ ಬಂದ್ರೆ ತರೋ ಖರ್ಚು ಯಾರ್ದು ಅಂತ ಮೊದ್ಲು ಹೇಳು" ಅಂದರು. ಆ ಪ್ರಶ್ನೆಗೆ ಅವತ್ತು ಮನೆಯಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಸೊಸೆ ಬಿ.ಕಾಂ ಓದಿದವರು, ಟ್ಯಾಲಿ ನೋಡಿಕೊಳ್ಳುವುದು ಅವರೇ. ಅವರು ಆ ಪ್ರಶ್ನೆಯನ್ನು ಬರೆದಿಟ್ಟುಕೊಂಡು ನನ್ನ ಕಚೇರಿಗೆ ಬಂದರು. ನನ್ನ ಪ್ರಕಾರ ರಫ್ತಿನ ಕೆಲಸ ನಿಜವಾಗಿ ಶುರುವಾದದ್ದು ಅವತ್ತೇ.

ಎಲ್ಲಕ್ಕಿಂತ ಮೊದಲು ಸಂಸ್ಥೆ ಯಾರ ಹೆಸರಲ್ಲಿರಬೇಕು ಅನ್ನೋದು ತೀರ್ಮಾನ ಆಗಬೇಕಿತ್ತು. ಇದು ಸಣ್ಣ ವಿಷಯದ ಹಾಗೆ ಕಾಣುತ್ತದೆ, ಅಲ್ಲ. ಘಟಕ ಯಜಮಾನರ ಸ್ವಂತ ಹೆಸರಲ್ಲಿತ್ತು. ರಫ್ತಿಗೆ ಬೇಕಾದ ಐಇಸಿ, ಅಂದರೆ ಆಮದು ರಫ್ತು ಕೋಡ್ ಸಂಖ್ಯೆ, ಪ್ಯಾನ್ ಮೇಲೆ ನಿಂತಿದೆ. ಆನ್‌ಲೈನಿನಲ್ಲಿ 500 ರೂಪಾಯಿ ಕಟ್ಟಿದರೆ ಬೇಗ ಸಿಗುತ್ತದೆ, ಅದಕ್ಕೇ ಎಲ್ಲರೂ ಮೊದಲು ಅದನ್ನೇ ಮಾಡಿಸಿಬಿಡುತ್ತಾರೆ. ಆಮೇಲೆ ಪಾಲುದಾರಿಕೆಗೋ ಕಂಪನಿಗೋ ಬದಲಾದರೆ ಹೊಸ ಪ್ಯಾನ್, ಹೊಸ ಐಇಸಿ, ಹೊಸ ಬ್ಯಾಂಕ್ ಖಾತೆ, ಬಂದರಿನಲ್ಲಿ ಮತ್ತೆ ಬ್ಯಾಂಕ್ ಕೋಡ್ ನೋಂದಣಿ, ಎಲ್ಲ ಮೊದಲಿನಿಂದ. ಬೆಂಗಳೂರಿನಲ್ಲಿರುವ ಕಿರಿಯ ಮಗ ಘಟಕಕ್ಕೆ ಬರುವವನಲ್ಲ, ಆದರೆ ತೋಟದಲ್ಲಿ ಪಾಲಿದೆ. ಹಾಗಾಗಿ ತೋಟವನ್ನು ಉದ್ಯಮದಿಂದ ಪೂರ್ತಿ ಬೇರೆ ಇಟ್ಟು, ಅಪ್ಪ, ಮಗ, ಸೊಸೆ ಮೂವರ ಪಾಲುದಾರಿಕೆ ಮಾಡಿದರು. ಸೊಸೆಯ ಹೆಸರು ಹಾಕಿದ್ದಕ್ಕೆ ನೆಂಟರಲ್ಲಿ ಮಾತು ಬಂತು. ಯಜಮಾನರು ಕಿವಿಗೆ ಹಾಕಿಕೊಳ್ಳಲಿಲ್ಲ. ಪತ್ರ ವ್ಯವಹಾರ ಎಲ್ಲ ಅವಳೇ ಮಾಡೋದು, ಸಹಿ ಯಾರದ್ದೋ ಯಾಕೆ ಅಂದರು. ಈ ಒಂದು ಮಾತಿಗೆ ನಾನು ಅವರನ್ನು ತುಂಬ ಗೌರವಿಸುತ್ತೇನೆ.

ಇಬ್ಬರು ಗಿರಾಕಿ ಸಿಕ್ಕಿದರು. ಒಬ್ಬರು ಜರ್ಮನಿಯ ಸಗಟು ವ್ಯಾಪಾರಿ. ಕೇಳಿದ ಪ್ರಮಾಣ ಸಣ್ಣದು, ಪ್ರಶ್ನೆಗಳು ಮಾತ್ರ ವಿಪರೀತ. ಹಾಳೆ ಎಲ್ಲಿಂದ, ಯಾವ ನೀರಲ್ಲಿ ತೊಳೀತೀರಿ, ಬಣ್ಣ ಬೆಳ್ಳಗಾಗಲು ಏನಾದರೂ ಹಾಕ್ತೀರಾ, ತೋಟಕ್ಕೆ ಏನು ಸಿಂಪಡಿಸ್ತಾರೆ. ಇನ್ನೊಬ್ಬರು ಅಮೆರಿಕದ ವಿತರಕರು. ಅವರು ಕೇಳಿದ್ದು ರೇಟು ಮತ್ತು ಎಷ್ಟು ಬೇಗ ಅನ್ನೋದು ಮಾತ್ರ. ವರ್ಷಕ್ಕೆ ಆರು ಕಂಟೇನರ್, 60 ದಿನದ ಸಾಲ, ಅಮೆರಿಕದಲ್ಲಿ ಬೇರೆ ಯಾರಿಗೂ ಕೊಡಬಾರದು ಅನ್ನುವ ಷರತ್ತು. ಮಗನಿಗೆ ಎರಡನೆಯದೇ ಇಷ್ಟವಾಯಿತು. ಯಾರಿಗೆ ಆಗಲ್ಲ ಹೇಳಿ? ಅದಕ್ಕೆ ಇನ್ನೂ 12 ಪ್ರೆಸ್, ಒಂದು ಒಣಗಿಸುವ ಕೋಣೆ, ದೊಡ್ಡ ಗೋದಾಮು ಬೇಕು. ಒಟ್ಟು 60 ಲಕ್ಷ. ಬ್ಯಾಂಕು ಕೊಡಲು ತಯಾರಿತ್ತು, ತೋಟ ಅಡಮಾನ ಇಟ್ಟರೆ.

ಇಲ್ಲಿ ಯಜಮಾನರು ಗಟ್ಟಿಯಾಗಿ ನಿಂತರು. "ಪಹಣಿಯ 11ನೇ ಕಾಲಂನಲ್ಲಿ ಬ್ಯಾಂಕಿನ ಹೆಸರು ಬರಬಾರದು, ಅಷ್ಟೇ ನಂದು" ಅಂದರು. ಮಗ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ನಾನು ಮಗನ ಕಡೆ ಮಾತಾಡುತ್ತೇನೆ ಅಂತ ಅವನು ಅಂದುಕೊಂಡಿದ್ದ. ನಾನು ಮಾತಾಡಿದ್ದು ಲೆಕ್ಕದ ಕಡೆಯಿಂದ. 60 ಲಕ್ಷಕ್ಕೆ ಹತ್ತೂವರೆ ಪರ್ಸೆಂಟ್ ಬಡ್ಡಿ, ಐದು ವರ್ಷ ಅಂದರೆ ತಿಂಗಳ ಕಂತು 1 ಲಕ್ಷ 29 ಸಾವಿರ ಆಗುತ್ತದೆ. ಗಿರಾಕಿ ಒಬ್ಬರೇ. ಅವರು ಒಂದು ಹಂಗಾಮು ಕೈಬಿಟ್ಟರೆ ಕಂತು ಕಟ್ಟುವುದು ಅಡಿಕೆ ದುಡ್ಡಿನಲ್ಲಿ. ಎಲೆಚುಕ್ಕಿ ರೋಗದಲ್ಲಿ ಸೋಗೆ ಒಣಗುತ್ತಿರುವ ತೋಟದ ಮೇಲೆ ಅಷ್ಟು ಭಾರ ಹಾಕಬಾರದು ಅಂತ ಹೇಳಿದೆ. ಇನ್ನೊಂದು ಮುಖ್ಯ ಸಂಗತಿ ಹಾಳೆಯದ್ದು. ಉತ್ಪಾದನೆ ಎರಡು ಪಟ್ಟಾದರೆ ಹಾಳೆಯೂ ಎರಡು ಪಟ್ಟು ಬೇಕು, ಅದಕ್ಕೆ ಹೊಸನಗರ, ಕೊಪ್ಪದ ಕಡೆಗೂ ಹೋಗಬೇಕು. ಗೊತ್ತಿಲ್ಲದ ತೋಟದಿಂದ ಬಂದ ಹಾಳೆಗೆ ಏನು ಸಿಂಪಡಿಸಿದ್ದಾರೆ ಅಂತ ಜರ್ಮನಿಯವರು ಕೇಳಿದರೆ ಏನು ಹೇಳೋದು?

ಕೊನೆಗೆ ಆದ ಒಪ್ಪಂದ ಹೀಗೆ. ಮೊದಲು ಜರ್ಮನಿ. ಅಮೆರಿಕಕ್ಕೆ ಆಮೇಲೆ, ಇರುವ ಪ್ರೆಸ್ಸಿನಲ್ಲೇ ಬೇಸಿಗೆಯಲ್ಲಿ ಎರಡು ಪಾಳಿ ಮಾಡಿ, ಒಂದು ಸಲಕ್ಕೆ ಒಂದೇ ಕಂಟೇನರ್, ಅದೂ ಮುಂಗಡ ಬಂದರೆ ಮಾತ್ರ. ಬೇರೆಯವರಿಗೆ ಕೊಡಬಾರದು ಅನ್ನುವ ಷರತ್ತು ಬೇಡ. ಚೆನ್ನೈ ವ್ಯಾಪಾರಿಗೆ ಎಲ್ಲವನ್ನೂ ನೇರವಾಗಿ ಹೇಳಿಬಿಡಬೇಕು, ಅವರ ಮಾಲು ನಿಲ್ಲಿಸಬಾರದು. ಈ ಕೊನೆಯದನ್ನು ಸೇರಿಸಿದವರು ಸೊಸೆ. "ಮಾವಯ್ಯ, ನಾವು ಹೇಳದೇ ಇದ್ರೂ ಅವ್ರಿಗೆ ಗೊತ್ತಾಗೇ ಆಗತ್ತೆ. ನಮ್ ಬಾಯಿಂದ್ಲೇ ಗೊತ್ತಾಗ್ಲಿ" ಅಂದರು. ಚೆನ್ನೈಯವರು ಬೇಜಾರು ಮಾಡಿಕೊಂಡರು, ಆದರೆ ಬಿಡಲಿಲ್ಲ.

ಈಗ ರೇಟಿನ ಲೆಕ್ಕ. ಇದನ್ನು ದಯವಿಟ್ಟು ನಿಧಾನವಾಗಿ ಓದಿ, ಯಾಕಂದರೆ ತುಂಬ ಜನ ಎಡವೋದು ಇಲ್ಲೇ. 10 ಇಂಚಿನ ದುಂಡು ತಟ್ಟೆ. ಚೆನ್ನೈ ಕೊಡುತ್ತಿದ್ದದ್ದು 4 ರೂಪಾಯಿ 20 ಪೈಸೆ. ಜರ್ಮನಿ ಒಪ್ಪಿದ್ದು ಮಂಗಳೂರು ಬಂದರಿನಲ್ಲಿ ಹಡಗಿಗೆ ಹಾಕಿ ಕೊಡುವ ದರ 8 ಯೂರೋ ಸೆಂಟ್, ಆಗಿನ ಲೆಕ್ಕದಲ್ಲಿ 7 ರೂಪಾಯಿ 20 ಪೈಸೆ. ಕೇಳಿದ ಕೂಡಲೇ ತಟ್ಟೆಗೆ ಮೂರು ರೂಪಾಯಿ ಜಾಸ್ತಿ ಅನ್ನಿಸುತ್ತದೆ ಅಲ್ವಾ? 100 ತಟ್ಟೆ ಒತ್ತಲು ಇವರಿಗೆ ಬೀಳುವ ಖರ್ಚು 330 ರೂಪಾಯಿ. ಚೆನ್ನೈಯವರು ನೂರರಲ್ಲಿ 90 ತೆಗೆದುಕೊಳ್ಳುತ್ತಾರೆ, ಉಳಿದ ಹತ್ತು ಸಂತೆಯಲ್ಲಿ ಎರಡು ರೂಪಾಯಿಗೆ ಹೋಗುತ್ತದೆ. ಒಟ್ಟು 398, ಕೈಯಲ್ಲಿ ಉಳಿಯೋದು 68. ಜರ್ಮನಿಯ ಆಯ್ಕೆಗೆ ಮೊದಲ ಸಲ ನೂರರಲ್ಲಿ ಪಾಸಾದದ್ದು 68 ತಟ್ಟೆ ಮಾತ್ರ. ಚುಕ್ಕೆ ಇರಬಾರದು, ಬಿರುಕು ಇರಬಾರದು, ಅಂಚು ಒಂದೇ ದಪ್ಪ ಇರಬೇಕು. ಅದಕ್ಕೆ 490 ಬಂತು, ಉಳಿದ 32 ಎರಡೂವರೆ ರೂಪಾಯಿಯಂತೆ 80. ಒಟ್ಟು 570. ಇದರಲ್ಲಿ ಮಾಡಿದ ಖರ್ಚು 330 ಹೋಯಿತು. ಆಮೇಲೆ ರಫ್ತಿನ ತಟ್ಟೆಗೆ ಮಾತ್ರ ಬೀಳುವ ಒಣಗಿಸುವಿಕೆ, ಪ್ಯಾಕಿಂಗ್, ರಟ್ಟಿನ ಪೆಟ್ಟಿಗೆ, ಮಂಗಳೂರಿನವರೆಗೆ ಸಾಗಣೆ, ಕಸ್ಟಮ್ಸ್ ಏಜೆಂಟ್, ಲ್ಯಾಬ್ ಪರೀಕ್ಷೆ ಎಲ್ಲ ಸೇರಿ ತಟ್ಟೆಗೆ 2 ರೂಪಾಯಿ 40 ಪೈಸೆ, ಅಂದರೆ 163. ಉಳಿದದ್ದು 77. ನೂರು ತಟ್ಟೆಗೆ ಚೆನ್ನೈಗಿಂತ ಒಂಬತ್ತು ರೂಪಾಯಿ ಜಾಸ್ತಿ, ಅಷ್ಟೇ. ಅದೂ ಮೂರು ತಿಂಗಳು ಕಾದು.

ಹಾಗಾದರೆ ಯಾಕೆ ಹೋಗಬೇಕು? ಎರಡನೇ ಆರ್ಡರಿಗೆ ಪಾಸಾದ ತಟ್ಟೆ ನೂರಕ್ಕೆ 80 ಆಯಿತು, ಕೈಯಲ್ಲಿ ಉಳಿದದ್ದು 104. ಅಂದರೆ ಲಾಭ ಯೂರೋದಲ್ಲಿ ಇರಲಿಲ್ಲ, ಹಾಳೆ ಆರಿಸುವ ಕೈಯಲ್ಲಿತ್ತು. ಒತ್ತಿದ ಮೇಲೆ ತಟ್ಟೆ ಆರಿಸೋದು ಬಿಟ್ಟು, ನೆನೆಸುವ ಮೊದಲೇ ಹಾಳೆ ಆರಿಸಲು ಶುರು ಮಾಡಿದರು. ಈ ಬದಲಾವಣೆ ಸೂಚಿಸಿದ್ದು ಅಲ್ಲಿ ಬಹಳ ವರ್ಷದಿಂದ ಕೆಲಸ ಮಾಡುವ ಒಬ್ಬ ಹೆಂಗಸು. ಹಾಳೆ ಬೆಳಕಿಗೆ ಹಿಡಿದು, ಎಲ್ಲಿ ಕೊಳೆಯುವ ಲಕ್ಷಣ ಇದೆ ಅಂತ ಹೇಳಿಬಿಡುತ್ತಾರೆ. ಈಗ ಅವರ ಕೂಲಿ ಜಾಸ್ತಿ ಆಗಿದೆ, ಆಗಲೇಬೇಕಿತ್ತು.

ತೇವದ ವಿಷಯಕ್ಕೆ ಬರುತ್ತೇನೆ. ಆಗುಂಬೆಗೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಇವರ ಊರು ಅಲ್ಲಿಂದ ದೂರ ಇಲ್ಲ. ಇಲ್ಲಿ ಒಣಗಿದೆ ಅಂದುಕೊಂಡ ತಟ್ಟೆ ಎರಡು ತಿಂಗಳು ಕಂಟೇನರಿನಲ್ಲಿ ಕೂತರೆ, ಹಗಲು ಬಿಸಿ ರಾತ್ರಿ ತಂಪು ಆಗಿ ತಗಡಿನ ಛಾವಣಿಯ ಒಳಗೆ ನೀರು ಕಟ್ಟಿ, ಹನಿ ಬಿದ್ದು ಬೂಷ್ಟು ಹಿಡಿಯುತ್ತದೆ. ಮೊದಲು ಇವರು ಅಡಿಕೆ ಒಣಗಿಸುವ ಸೌದೆ ಒಲೆಯ ಡ್ರೈಯರಿನಲ್ಲೇ ತಟ್ಟೆ ಒಣಗಿಸಿ ಸ್ಯಾಂಪಲ್ ಕಳಿಸಿದರು. ಜರ್ಮನಿಯಿಂದ ಉತ್ತರ ಬಂತು: ತಟ್ಟೆ ಒಣಗಿದೆ, ಆದರೆ ಹೊಗೆ ವಾಸನೆ. ನಮಗೆ ಆ ವಾಸನೆ ಗೊತ್ತೇ ಆಗಲ್ಲ, ಅದರಲ್ಲೇ ಹುಟ್ಟಿ ಬೆಳೆದವರು. ಹಾಗಾಗಿ ಹೊಗೆ ಒಳಗೆ ಬರದ ಹಾಗೆ ಕೊಳವೆಯಲ್ಲಿ ಬಿಸಿಗಾಳಿ ಮಾತ್ರ ಬಿಡುವ ಸಣ್ಣ ಕೋಣೆ ಮಾಡಿಸಿದರು. ಶಿವಮೊಗ್ಗದ ಒಬ್ಬ ಫ್ಯಾಬ್ರಿಕೇಟರ್ ಕಟ್ಟಿಕೊಟ್ಟರು. ತೇವ ಅಳೆಯುವ ಮೀಟರ್ ತಂದರು. ಪ್ರತಿ ಪೆಟ್ಟಿಗೆಯಿಂದ ತಟ್ಟೆ ತೆಗೆದು ಅಳೆದು ಬರೆದಿಡುವುದು ಸೊಸೆಯ ಕೆಲಸ. ಒಂದು ಪೆಟ್ಟಿಗೆ ಜಾಸ್ತಿ ತೋರಿಸಿದರೆ ಆ ಸಾಲು ಪೂರ್ತಿ ವಾಪಸ್ ಕೋಣೆಗೆ.

ಸಿಂಪಡಣೆ ಇನ್ನೊಂದು ತಲೆನೋವು. ಕೊಳೆ ರೋಗಕ್ಕೆ ನಾವೆಲ್ಲ ಮಳೆಗಾಲದಲ್ಲಿ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದರ ನೀಲಿ ಕಲೆ ಹಾಳೆಯ ಹೊರಮೈ ಮೇಲೆ ಕೂರುತ್ತದೆ. ತಟ್ಟೆಯಲ್ಲಿ ಊಟ ಬಡಿಸುವ ನುಣುಪಾದ ಮೈ ಹಾಳೆಯ ಒಳಮೈ, ಮರಕ್ಕೆ ಅಂಟಿಕೊಂಡಿದ್ದದ್ದು, ಅದಕ್ಕೆ ಹೆಚ್ಚು ತಾಗುವುದಿಲ್ಲ. ಆದರೂ ನೆನೆಸುವ ತೊಟ್ಟಿಯಲ್ಲಿ ಎಲ್ಲ ಒಟ್ಟಿಗೆ ಬೀಳುತ್ತದಲ್ಲ? ಎಲೆಚುಕ್ಕಿ ಬಂದ ಮೇಲೆ ಬೇರೆ ಶಿಲೀಂಧ್ರನಾಶಕಗಳೂ ಜಾಸ್ತಿ ಆದವು. ಹಾಗಾಗಿ ಹಾಳೆ ಕೊಡುವ ಪ್ರತಿ ತೋಟಕ್ಕೂ ಒಂದು ಸಿಂಪಡಣೆ ಪುಸ್ತಕ ಇಟ್ಟರು. ಯಾವಾಗ, ಏನು, ಎಷ್ಟು ಹೊಡೆದರು ಅಂತ. ಮೊದಲು ಹೊರಮೈಗೆ ಜೋರಾಗಿ ನೀರು ಬಿಟ್ಟು ತೊಳೆದು, ಆಮೇಲೆ ತೊಟ್ಟಿಗೆ. ಬೆಂಗಳೂರಿನ ಒಂದು ಮಾನ್ಯತೆ ಪಡೆದ ಲ್ಯಾಬಿನಲ್ಲಿ ಲೋಹ ಮತ್ತು ಕೀಟನಾಶಕ ಉಳಿಕೆ ಪರೀಕ್ಷೆ ಮಾಡಿಸಿದರು. ಕೆಲವು ತೋಟದವರು ಪುಸ್ತಕ ನೋಡಿ ಸಿಟ್ಟಾದರು, ಹಾಳೆ ಕೊಡಲ್ಲ ಅಂದರು. ಮನೆಯವರು ಅಂಥವರನ್ನು ಬಿಟ್ಟುಬಿಟ್ಟರು.

ಘಾಟಿ ಇಲ್ಲದೇ ಮಲೆನಾಡಿನ ರಫ್ತು ಇಲ್ಲ. ಹತ್ತಿರದ ಬಂದರು ಪಣಂಬೂರಿನ ನವ ಮಂಗಳೂರು ಬಂದರು. ಹತ್ತಿರದ ದಾರಿ ಆಗುಂಬೆ ಘಾಟಿ, ಆದರೆ ಅಲ್ಲಿ ಭಾರಿ ವಾಹನ ಬಿಡುವುದಿಲ್ಲ. ಕಂಟೇನರ್ ಲಾರಿ ಸುತ್ತಿ ಬರಬೇಕು, ಬಂದರೂ ಇವರ ಮನೆ ರಸ್ತೆಯಲ್ಲಿ ತಿರುಗಿಸಲು ಜಾಗ ಇಲ್ಲ. ಹಾಗಾಗಿ ಮಾಲನ್ನು ಸಣ್ಣ ಪಿಕಪ್ಪುಗಳಲ್ಲಿ ಆಗುಂಬೆ ಇಳಿಸಿ, ಮಂಗಳೂರಿನ ಗೋದಾಮಿನಲ್ಲಿ ಕಂಟೇನರಿಗೆ ತುಂಬುವುದು ಅಂತಾಯಿತು. ಬೆಳಗಿನ ಮಂಜಿನಲ್ಲಿ ಇಳಿದರೆ ಟಾರ್ಪಾಲಿನ ಒಳಗೂ ರಟ್ಟು ಮೆತ್ತಗಾಗುತ್ತದೆ, ಅದಕ್ಕೆ ಹನ್ನೊಂದು ಗಂಟೆ ಮೇಲೆ ಹೊರಡುವ ನಿಯಮ ಮಾಡಿಕೊಂಡರು. ಮರದ ಪ್ಯಾಲೆಟ್ ಬೇರೆ, ಅದರ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಬಿಸಿಯಾಗಿ ಅಂತರರಾಷ್ಟ್ರೀಯ ಮುದ್ರೆ ಬಿದ್ದಿರಬೇಕು. ಊರಿನ ಬಡಗಿ ಮಾಡಿಕೊಟ್ಟದ್ದು ನಡೆಯುವುದಿಲ್ಲ.

ಮೊದಲ ಜರ್ಮನ್ ಕಂಟೇನರ್ ಹೊರಟದ್ದು 2024ರ ಶುರುವಿನಲ್ಲಿ. ಕೆಂಪು ಸಮುದ್ರದಲ್ಲಿ 2023ರ ಕೊನೆಯಿಂದ ಹಡಗುಗಳ ಮೇಲೆ ದಾಳಿ ನಡೆಯುತ್ತಿತ್ತು, ಹಡಗುಗಳೆಲ್ಲ ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋಗುತ್ತಿದ್ದವು. ಎರಡು ವಾರದಷ್ಟು ತಡ, ಬಾಡಿಗೆ ಏರಿಕೆ ಬೇರೆ. ಬಂದರಿನಲ್ಲಿ ಹಡಗಿಗೆ ಹಾಕಿಕೊಡುವ ದರ ಆಗಿದ್ದರಿಂದ ಏರಿದ ಬಾಡಿಗೆ ಗಿರಾಕಿಯ ತಲೆ ಮೇಲೆ ಬಂತು. ಅವರ ಬಾಗಿಲವರೆಗೆ ಮುಟ್ಟಿಸಿ ಕೊಡುವ ದರಕ್ಕೆ ಒಪ್ಪಿದ್ದರೆ ಆ ಕಂಟೇನರಿನ ಲಾಭ ಪೂರ್ತಿ ಸಮುದ್ರಕ್ಕೆ ಹೋಗುತ್ತಿತ್ತು. ತಡವಾಗಿ ತಲುಪಿದರೂ ಒಂದೂ ತಟ್ಟೆ ಬೂಷ್ಟು ಹಿಡಿದಿರಲಿಲ್ಲ. ಬಿಸಿಗಾಳಿ ಕೋಣೆಗೆ ಹಾಕಿದ ದುಡ್ಡು ಅವತ್ತೇ ವಸೂಲಾಯಿತು ಅಂತ ನಾನು ಅಂದುಕೊಳ್ಳುತ್ತೇನೆ.

ಅಮೆರಿಕದ ಮೊದಲ ಕಂಟೇನರ್ 2025ರ ಶುರುವಿನಲ್ಲಿ ಹೋಯಿತು, 40 ಪರ್ಸೆಂಟ್ ಮುಂಗಡ ತೆಗೆದುಕೊಂಡು. ಬಾಕಿ ದುಡ್ಡಿಗೆ ಇಸಿಜಿಸಿ ವಿಮೆ, ಅಂದರೆ ಹೊರದೇಶದ ಗಿರಾಕಿ ದುಡ್ಡು ಕೊಡದಿದ್ದರೆ ತುಂಬಿಕೊಡುವ ಸರ್ಕಾರಿ ಸಂಸ್ಥೆಯ ವಿಮೆ, ಮಾಡಿಸಿದ್ದರು. ಹಣ ಸರಿಯಾಗಿ ಬಂತು. ಮಗನ ಮುಖದಲ್ಲಿ ಆಗ ಕಂಡ ಖುಷಿ ನನಗೂ ಖುಷಿ ಕೊಟ್ಟಿತು. ಎರಡನೇ ಆರ್ಡರ್, ಮತ್ತೆ ಮುಂಗಡ. ಮಾಲು ತಯಾರಾಯಿತು, ಅವರ ಹೆಸರು ಮುದ್ರಿಸಿದ ಕವರಿನಲ್ಲಿ ಪ್ಯಾಕ್ ಆಗಿ ಶೆಡ್ಡಿನಲ್ಲಿ ಕೂತಿತ್ತು.

2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಡಿಕೆ ಹಾಳೆಯ ತಟ್ಟೆ, ಬಟ್ಟಲು ಮಾರಬಾರದು ಅಂತ ಹೇಳಿತು. ಕಾರಣ ಎರಡು. ಅಡಿಕೆ ಮರದಲ್ಲಿ ತಾನಾಗಿ ಇರುವ ಆಲ್ಕಲಾಯ್ಡ್ ಅನ್ನುವ ರಾಸಾಯನಿಕಗಳು ತಟ್ಟೆಯಿಂದ ಊಟಕ್ಕೆ ಇಳಿಯಬಹುದು ಅನ್ನೋದು ಒಂದು. ಆಹಾರಕ್ಕೆ ತಾಗುವ ವಸ್ತುವಾಗಿ ಅಡಿಕೆ ಹಾಳೆಗೆ ಅಲ್ಲಿನ ಕಾನೂನಿನಲ್ಲಿ ಒಪ್ಪಿಗೆಯೇ ಇಲ್ಲ, ಸುರಕ್ಷಿತ ಅಂತ ಸಾಮಾನ್ಯವಾಗಿ ಒಪ್ಪಿಕೊಂಡ ವಸ್ತುಗಳ ಸಾಲಿಗೂ ಅದು ಸೇರುವುದಿಲ್ಲ ಅನ್ನೋದು ಇನ್ನೊಂದು. ಎರಡನೆಯದನ್ನು ಗಮನಿಸಿ. ಒಪ್ಪಿಗೆ ಹೊಸದಾಗಿ ರದ್ದಾದದ್ದಲ್ಲ. ಮೊದಲಿನಿಂದಲೂ ಇರಲಿಲ್ಲ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅಷ್ಟೇ.

ಗಿರಾಕಿ ಆರ್ಡರ್ ರದ್ದು ಮಾಡಿದರು, ಮುಂಗಡ ವಾಪಸ್ ಕೇಳಿದರು, ಮಾರಾಟವಾಗದೇ ಉಳಿದ ಮೊದಲ ಕಂಟೇನರಿನ ಮಾಲಿಗೂ ಪರಿಹಾರ ಕೇಳಿದರು. ಆರ್ಡರ್ ಪತ್ರದಲ್ಲಿ ಒಂದು ಸಾಲಿತ್ತು, ಮಾಲು ಅಮೆರಿಕದ ಎಲ್ಲ ಕಾನೂನಿಗೂ ಹೊಂದುತ್ತದೆ ಅಂತ ಮಾರುವವರ ಭರವಸೆ. ಇಂಥ ಪತ್ರಗಳಲ್ಲಿ ಆ ಸಾಲು ಸಾಮಾನ್ಯ, ಯಾರೂ ನಿಂತು ಓದುವುದಿಲ್ಲ. ನಿಂತು ಓದಲೇಬೇಕಾದ ಸಾಲು ಅದೊಂದೇ. ಇಸಿಜಿಸಿ ವಿಮೆ ಇಲ್ಲಿ ಕೆಲಸಕ್ಕೆ ಬರಲಿಲ್ಲ, ಯಾಕಂದರೆ ಅವರು ತೆಗೆದುಕೊಂಡಿದ್ದ ಪಾಲಿಸಿ ಮಾಲು ಹಡಗು ಹತ್ತಿದ ಮೇಲಿನ ಅಪಾಯಕ್ಕೆ, ಶೆಡ್ಡಿನಲ್ಲಿ ಕೂತ ಮಾಲಿಗೆ ಅಲ್ಲ. ಬಹಳ ಪತ್ರ ಓಡಾಡಿದ ಮೇಲೆ ರಾಜಿಯಾಯಿತು. ಮುಂಗಡವನ್ನು ಮೂರು ಕಂತಿನಲ್ಲಿ ವಾಪಸ್ ಕೊಡುವುದು, ಹಳೆ ಮಾಲಿನ ಮಾತು ಅಲ್ಲಿಗೇ ಬಿಡುವುದು. ಹೆಂಗಸರೆಲ್ಲ ಕೂತು ಕವರ್ ಬಿಚ್ಚಿ ಮತ್ತೆ ಪ್ಯಾಕ್ ಮಾಡಿದರು, ಮಾಲು ಬೆಂಗಳೂರಿಗೆ ಕಡಿಮೆ ರೇಟಿಗೆ ಹೋಯಿತು. ಎಲ್ಲ ಸೇರಿ ನಷ್ಟ ಐದು ಲಕ್ಷದ ಹತ್ತಿರ. ನೋವಾಗುವ ಮೊತ್ತ, ಆದರೆ ಮನೆ ಮುಳುಗಿಸುವ ಮೊತ್ತ ಅಲ್ಲ. ಆ 60 ಲಕ್ಷ ಸಾಲ ತೆಗೆದಿದ್ದರೆ ನಷ್ಟ ಇಷ್ಟಕ್ಕೆ ನಿಲ್ಲುತ್ತಿರಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಭಾರತದ ಸರಕಿನ ಮೇಲಿನ ಅಮೆರಿಕದ ಸುಂಕ 50 ಪರ್ಸೆಂಟಿಗೆ ಏರಿತು, ಅಲ್ಲಿಗೆ ಬೇರೆ ಏನನ್ನಾದರೂ ಕಳಿಸೋಣ ಅನ್ನುವ ಯೋಚನೆಯೂ ಆಗ ನಿಂತಿತು.

ಆ ಹೊತ್ತಿನಲ್ಲಿ ನಮ್ಮ ಕಡೆ ಕೇಳಿಬಂದ ಮಾತು, ಇದೆಲ್ಲ ಪ್ಲಾಸ್ಟಿಕ್ ಕಂಪನಿಗಳ ಪಿತೂರಿ, ಅಡಿಕೆ ಮೇಲಿನ ದ್ವೇಷ ಅಂತ. ನಾನು ಒಪ್ಪುವುದಿಲ್ಲ, ನೇರವಾಗಿಯೇ ಹೇಳುತ್ತೇನೆ. ಅಡಿಕೆ ನಮ್ಮ ಬದುಕು, ನನ್ನ ಮನೆಯ ಒಲೆಯೂ ಅದರಿಂದಲೇ ಉರಿದದ್ದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿ 20 ವರ್ಷ ದಾಟಿದೆ. ಅಡಿಕೆ ಜಗಿಯುವುದು ಬೇರೆ, ಹಾಳೆಯಲ್ಲಿ ಒಂದು ಊಟ ಮಾಡುವುದು ಬೇರೆ, ಅದು ನಿಜ. ಎಷ್ಟು ಬೇರೆ ಅಂತ ಅಳೆದು ತೋರಿಸಬೇಕಾದವರು ಯಾರು? ಮಾರುವವರು. ಬಿಸಿ ಸಾರು ಹಾಕಿದಾಗ ಎಷ್ಟು ಇಳಿಯುತ್ತದೆ, ಎಣ್ಣೆ ಇದ್ದರೆ ಎಷ್ಟು, ನೆನೆಸಿ ತೊಳೆದ ಹಾಳೆಯಲ್ಲಿ ಎಷ್ಟು ಉಳಿಯುತ್ತದೆ, ಇವನ್ನೆಲ್ಲ ಪರೀಕ್ಷೆ ಮಾಡಿ ಕೈಯಲ್ಲಿ ಹಿಡಿದುಕೊಂಡು ಮಾತಾಡಬೇಕು. ಒಂದೊಂದು ಸಣ್ಣ ಘಟಕಕ್ಕೆ ಆ ಖರ್ಚು ಭಾರ, ಆದರೆ ಘಟಕಗಳೆಲ್ಲ ಒಟ್ಟು ಸೇರಿದರೆ ಭಾರ ಅಲ್ಲ. ನಮ್ಮ ಮಕ್ಕಳೂ ಅದೇ ತಟ್ಟೆಯಲ್ಲಿ ಊಟ ಮಾಡುತ್ತಾರೆ. ಅಮೆರಿಕ ಕೇಳಲಿ ಬಿಡಲಿ, ಆ ಉತ್ತರ ನಮಗೇ ಬೇಕು.

ಸೊಸೆ ಮಾಡಿದ ಒಂದು ಕೆಲಸವನ್ನು ಇಲ್ಲಿ ಬರೆಯಲೇಬೇಕು. ಅಮೆರಿಕದ ಸುದ್ದಿ ಬಂದ ವಾರವೇ, ಜರ್ಮನಿಯವರು ಕೇಳುವ ಮೊದಲೇ, ಅವರಿಗೆ ತಾವಾಗಿ ಪತ್ರ ಬರೆದರು. ಹೀಗಾಗಿದೆ, ನೀವು ಏನು ಪರೀಕ್ಷೆ ಹೇಳುತ್ತೀರೋ ಅದಕ್ಕೆ ಸ್ಯಾಂಪಲ್ ಕೊಡುತ್ತೇವೆ ಅಂತ. ಮಗ ಹೆದರಿದ್ದ, ಇದ್ದ ಒಬ್ಬ ಗಿರಾಕಿಯೂ ಹೋಗುತ್ತಾರೆ ಅಂತ. ಐರೋಪ್ಯ ಒಕ್ಕೂಟದ 1935/2004 ಸಂಖ್ಯೆಯ ನಿಯಮದ ಪ್ರಕಾರ ಆಹಾರಕ್ಕೆ ತಾಗುವ ಯಾವ ವಸ್ತುವೂ ಆರೋಗ್ಯ ಕೆಡಿಸುವಷ್ಟು ಏನನ್ನೂ ಊಟಕ್ಕೆ ಬಿಡಬಾರದು. ಅದನ್ನು ಆಧಾರ ಮಾಡಿಕೊಂಡು ಗಿರಾಕಿ ತಮ್ಮ ಲ್ಯಾಬಿನಲ್ಲಿ ಒಂದು ಲಾಟಿನ, ಅಂದರೆ ಒಂದು ಸಲಕ್ಕೆ ತಯಾರಾದ ಮಾಲಿನ, ತಟ್ಟೆ ಪರೀಕ್ಷೆ ಮಾಡಿಸಿದರು. ಕೆಲವು ತಿಂಗಳು ಆರ್ಡರ್ ನಿಂತಿತು. ಆಮೇಲೆ ಅರ್ಧ ಪ್ರಮಾಣಕ್ಕೆ ಮತ್ತೆ ಶುರುವಾಯಿತು, ಪ್ರತಿ ಲಾಟಿಗೂ ಬೇರೆ ಸ್ಯಾಂಪಲ್ ಅನ್ನುವ ಷರತ್ತಿನ ಮೇಲೆ. ಒಂದು ಲಾಟಿನ ವರದಿ ಅದು. ಅದನ್ನು ಹಿಡಿದುಕೊಂಡು ಮಲೆನಾಡಿನ ಎಲ್ಲ ತಟ್ಟೆಗೂ ಸರ್ಟಿಫಿಕೇಟ್ ಕೊಡಲು ಬರುವುದಿಲ್ಲ, ಹಾಗೆ ಯಾರಾದರೂ ಕೇಳಿದರೆ ಕೊಡಬೇಡಿ ಅಂತ ಅವರಿಗೆ ಹೇಳಿದ್ದೇನೆ.

ಈಗಿನ ಸ್ಥಿತಿ ಇಷ್ಟು. ಮಾಲಿನ ಅರ್ಧಕ್ಕಿಂತ ಜಾಸ್ತಿ ಚೆನ್ನೈ ಮತ್ತು ಬೆಂಗಳೂರಿಗೆ, ಕಾಲು ಭಾಗದಷ್ಟು ಜರ್ಮನಿಗೆ. 12 ಪ್ರೆಸ್ 12 ಆಗಿಯೇ ಇವೆ. ಸಿಂಪಡಣೆ ಪುಸ್ತಕ ನೋಡಿ ಮೊದಲು ಸಿಟ್ಟಾಗಿದ್ದ ತೋಟದವರಲ್ಲಿ ಇಬ್ಬರು ಈ ಹಂಗಾಮಿಗೆ ಪುಸ್ತಕ ಬರೆದುಕೊಂಡು ವಾಪಸ್ ಬಂದಿದ್ದಾರೆ, ಅವರ ಹಾಳೆಗೆ ತಲಾ ಸ್ವಲ್ಪ ಹೆಚ್ಚು ರೇಟು ಕೊಡುವುದಾಗಿ ಮಾತಾಗಿದೆ. ಒಟ್ಟಿಗೆ ಪರೀಕ್ಷೆ ಮಾಡಿಸುವ ವಿಷಯಕ್ಕೆ ಸುತ್ತಲಿನ ಘಟಕದವರನ್ನು ಸೇರಿಸಿ ಒಂದು ಸಭೆ ಆಗಿದೆ, ಖರ್ಚು ಹಂಚುವ ಲೆಕ್ಕ ನಾನು ಮಾಡಿ ಕೊಟ್ಟಿದ್ದೇನೆ, ಅರ್ಧ ಜನ ಒಪ್ಪಿದ್ದಾರೆ. ಉಳಿದವರ ಮನೆಗೆ ಸೊಸೆ ಮತ್ತು ಯಜಮಾನರು ಒಟ್ಟಿಗೆ ಹೋಗಿ ಮಾತಾಡುತ್ತಿದ್ದಾರೆ.